ಕಿರ್ದಿಯಲ್ಲಿ ಬರೆಯದ ಹೆಸರು

ಕಲ್ಯಾಣಪುರದ ನಮ್ಮ ಮನೆಯ ಉಪ್ಪರಿಗೆಯಲ್ಲಿ ಹಲಸಿನ ಮರದ ದೊಡ್ಡದೊಂದು ಪೆಟ್ಟಿಗೆಯಿದೆ. ಅದರ ತಳದಲ್ಲಿ ಎರಡು ವಸ್ತುಗಳು ಬಹುಕಾಲದಿಂದ ಜೊತೆಯಾಗಿ ಮಲಗಿವೆ. ಒಂದು ನನ್ನ ಚಿಕ್ಕಪ್ಪನ ಹೋಟೆಲಿನ ೧೯೬೪ನೆಯ ಇಸವಿಯ ಕಿರ್ದಿ ಪುಸ್ತಕ. ಇನ್ನೊಂದು ಒಂದು ಕೌದಿ. ನಮ್ಮ ಕರಾವಳಿಯಲ್ಲಿ ಕೌದಿ ಹೊದೆಯುವ ರೂಢಿ ಅಷ್ಟಾಗಿಲ್ಲ. ಸೆಕೆಯ ನಾಡು, ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹೊದ್ದರೆ ಆಟಿಯ ಮಳೆಯೂ ಕಳೆದುಹೋಗುತ್ತದೆ. ಆದುದರಿಂದ ಈ ಕೌದಿ ನಮ್ಮಲ್ಲಿ ಮೈಮೇಲೆ ಬಿದ್ದುದಕ್ಕಿಂತ ವರ್ಷಕ್ಕೊಮ್ಮೆ ಅಂಗಳದ ಬಿಸಿಲಿಗೆ ಬಿದ್ದುದೇ ಹೆಚ್ಚು. ಅದರ ಕಥೆಯನ್ನು ಹೇಳಹೊರಟರೆ ಕಲ್ಯಾಣಪುರದಿಂದ ಹಳಿಯಾಳಕ್ಕೆ, ಅಲ್ಲಿಂದ ಗೋವೆಗೆ, ಗೋವೆಯಿಂದ ಆಫ್ರಿಕದ ಮೊಜಾಂಬಿಕ್ ತೀರಕ್ಕೆ ಹೋಗಬೇಕಾಗುತ್ತದೆ. ಓದುಗರು ಸ್ವಲ್ಪ ತಾಳ್ಮೆಯಿಂದ ಜೊತೆಗೆ ಬರಬೇಕು.

ಉಡುಪಿಯ ಕಡೆಯವರು ಹೋಟೆಲಿಡದ ಊರು ಕಡಿಮೆ. ಚಿಕ್ಕಪ್ಪ ಘಟ್ಟ ಹತ್ತಿ ಉತ್ತರ ಕನ್ನಡದ ಹಳಿಯಾಳವನ್ನು ಸೇರಿದ್ದರು. ಮರದ ದಿಮ್ಮಿಗಳ ಲಾರಿ, ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಒಯ್ಯುವ ಲಾರಿ, ಇವುಗಳ ಓಡಾಟದಿಂದ ಅವರ ಇಡ್ಲಿ-ಚಾ ವ್ಯಾಪಾರ ಚೆನ್ನಾಗಿಯೇ ನಡೆದಿತ್ತು. ಮನೆಯಲ್ಲಿ ಹರಿದ ಸೀರೆ, ಅಂಗಿ, ಪಂಚೆಗಳನ್ನು ಅಮ್ಮ ಗಂಟು ಕಟ್ಟಿ, ಮೇಜು ಒರಸುವುದಕ್ಕಾಯಿತೆಂದು ವರ್ಷಕ್ಕೊಮ್ಮೆ ಅವರಿಗೆ ಕಳುಹಿಸುತ್ತಿದ್ದರು. ಹೋಟೆಲಿಗೆ ಸೌದೆ ತರುತ್ತಿದ್ದ ಸಿದ್ದಿ ಹೆಂಗಸೊಬ್ಬಳು ಒಂದು ದಿನ ಆ ಗಂಟನ್ನು ಕಂಡು, ಇಷ್ಟು ಒಳ್ಳೆಯ ಬಟ್ಟೆಯಲ್ಲಿ ಯಾರಾದರೂ ಮೇಜು ಒರಸುತ್ತಾರೆಯೆ ಎಂದು ಗದರಿಸಿ, ಹೊತ್ತುಕೊಂಡು ಹೋದಳಂತೆ. ಮಳೆಗಾಲ ಕಳೆದು ಮತ್ತೆ ಬಂದಾಗ ಸೌದೆಯ ಹೊರೆಯ ಮೇಲೆ ಈ ಕೌದಿಯಿತ್ತು. ಚಿಕ್ಕಪ್ಪ ಅದನ್ನು ಕೊಂಡು, ದೀಪಾವಳಿಗೆ ಊರಿಗೆ ಬರುವಾಗ ತಂದರು.

ಅಂದು ಅಮ್ಮ ಅದನ್ನು ಚಾವಡಿಯಲ್ಲಿ ಬಿಡಿಸಿ ಹಾಸಿದ್ದು ನನಗೆ ಚೆನ್ನಾಗಿ ನೆನಪಿದೆ. ಆಗ ನನಗೆ ಎಂಟು ವರ್ಷ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಬೆರಳಿಟ್ಟು ಒಂದೊಂದೇ ತುಂಡನ್ನು ಗುರುತಿಸತೊಡಗಿದರು. ಈ ನೀಲಿ ನನ್ನ ಅಕ್ಕ ಹುಟ್ಟಿದ ವರ್ಷದ ಸೀರೆ. ಈ ಬಿಳಿ ಅಪ್ಪನ ಖಾದಿ ಪಂಚೆ. ಈ ಹಸಿರು ತೀರಿಕೊಂಡ ಅತ್ತೆಯದು. ನಟ್ಟನಡುವೆ ಅಂಗೈಯಗಲದ ಕೆಂಪು ಚೌಕವೊಂದಿತ್ತು. ಅದು ನನ್ನ ಅಂಗಿ. "ಎಲ್ಲರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದ್ದಾಳೆ ಮಾರಾಯ" ಎಂದರು ಅಮ್ಮ. ಯಾರು ಯಾರೆಂದು ತಿಳಿಯದ ಹೆಂಗಸು ನಮ್ಮನ್ನು ಹೀಗೆ ಒಂದೆಡೆ ಸೇರಿಸಿದ್ದು ಅವರಿಗೆ ದೊಡ್ಡ ಸೋಜಿಗವಾಗಿತ್ತು. "ಅವಳ ಹೆಸರೇನು?" ಎಂದು ಚಿಕ್ಕಪ್ಪನನ್ನು ಕೇಳಿದರು. ಚಿಕ್ಕಪ್ಪ ತಲೆ ಕೆರೆದುಕೊಂಡು, "ಕೇಳಲಿಲ್ಲ ಅತ್ತಿಗೆ" ಎಂದರು.

ಚಿಕ್ಕಪ್ಪ ತೀರಿಕೊಂಡ ಮೇಲೆ ಕಿರ್ದಿ ನನ್ನ ಕೈಗೆ ಬಂದಿತು. ಅವರದು ಮುತ್ತಿನಂಥ ಅಕ್ಷರ. ಹಾಲಿನವನ ಹೆಸರಿದೆ, ಬಾಳೆಲೆಯವನ ಹೆಸರಿದೆ, ರುಬ್ಬುವ ಕಲ್ಲಿಗೆ ಮುಳ್ಳು ಹೊಡೆದವನ ಹೆಸರೂ ಅವನ ಊರೂ ಇದೆ. ಅದೇ ಪುಟದಲ್ಲಿ ಒಂದು ಸಾಲು: "ಕೌದಿ ಬಗ್ಗೆ ಸಿದ್ದಿ ಹೆಂಗಸಿಗೆ ೮ ರೂ., ಅಕ್ಕಿ ೨ ಸೇರು." ಚಿಕ್ಕಪ್ಪ ಕೆಟ್ಟವರಲ್ಲ, ಲೆಕ್ಕದಲ್ಲಿ ಒಂದು ಪೈಸೆ ತಪ್ಪಿದರೆ ರಾತ್ರಿ ನಿದ್ದೆ ಮಾಡದವರು. ಅಂಥವರಿಗೂ ಆಕೆಯ ಹೆಸರು ಲೆಕ್ಕಕ್ಕೆ ಬೇಕಾದ ಸಂಗತಿಯೆಂದು ತೋರಲಿಲ್ಲ. ಈ ಸಾಲನ್ನು ಓದಿದ ದಿನದಿಂದ ನನಗೆ ಸಿದ್ದಿಯರ ಚರಿತ್ರೆಯ ಹುಚ್ಚು ಹಿಡಿಯಿತು.

ಸಿದ್ದಿಯರು ಆಫ್ರಿಕ ಮೂಲದವರೆಂಬುದು ಎಲ್ಲರೂ ಬಲ್ಲ ಮಾತು. ಯಲ್ಲಾಪುರ, ಹಳಿಯಾಳ, ಅಂಕೋಲೆ, ಮುಂಡಗೋಡ, ಶಿರಸಿ, ಜೋಯಿಡಾ, ಇತ್ತ ಧಾರವಾಡ ಜಿಲ್ಲೆಯ ಕಲಘಟಗಿ, ಅತ್ತ ಬೆಳಗಾವಿಯ ಖಾನಾಪುರ, ಈ ಕಾಡಿನ ಸೆರಗಿನಲ್ಲಿ ಅವರ ಕೇರಿಗಳಿವೆ. ಹಿಂದೂ, ಮುಸಲ್ಮಾನ, ಕ್ರೈಸ್ತ ಎಂಬ ಮೂರು ಮತದವರೂ ಅವರಲ್ಲಿದ್ದಾರೆ. ಕನ್ನಡ ಬಲ್ಲರು; ಮನೆಯ ಮಾತು ಬಹುಮಟ್ಟಿಗೆ ಕನ್ನಡ-ಮರಾಠಿಗಳು ಬೆರೆತ ಒಂದು ಬಗೆಯ ಕೊಂಕಣಿ. ಟಿ. ಸಿ. ಪಾಲಾಕ್ಷಪ್ಪನವರು ಇವರನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದು ೧೯೭೬ರಲ್ಲಿ ಪ್ರಕಟಿಸಿದರು. ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಿದ್ದು ೨೦೦೩ರಲ್ಲಿ. ಸ್ವಾತಂತ್ರ್ಯ ಬಂದು ಐವತ್ತೈದು ವರ್ಷಗಳಾದ ಮೇಲೆ!

ನಮ್ಮ ನಾಡಿಗೆ ಬಂದ ಆಫ್ರಿಕದವರೆಲ್ಲರೂ ಹೆಸರಿಲ್ಲದೆ ಹೋದರೆಂದು ತಿಳಿಯಬಾರದು. ಇತಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ ಅಹಮದ್‌ನಗರಕ್ಕೆ ಬಂದ ಮಲಿಕ್ ಅಂಬರ್ ಆ ರಾಜ್ಯದ ಸೂತ್ರವನ್ನೇ ಹಿಡಿದ. ಮೊಗಲರ ಸೈನ್ಯಗಳನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ. ೧೬೨೬ರಲ್ಲಿ ಸತ್ತ ಆತನ ಗೋರಿ ಖುಲ್ದಾಬಾದಿನಲ್ಲಿದೆ. ನಮ್ಮ ಬಿಜಾಪುರದಲ್ಲಿಯೇ ಇಖಲಾಸ್ ಖಾನನೆಂಬ ಹಬಶಿ ಮಂತ್ರಿಯಿದ್ದ. ಮಹಮ್ಮದ್ ಆದಿಲ್‌ಶಾಹನೂ ಅವನೂ ಒಂದೇ ಆನೆಯನ್ನೇರಿ ಹೋಗುವ ಚಿತ್ರವನ್ನು ಹೈದರ್ ಅಲಿ, ಇಬ್ರಾಹಿಂ ಖಾನ್ ಎಂಬ ಚಿತ್ರಕಾರರು ಹದಿನೇಳನೆಯ ಶತಮಾನದ ನಡುವಿನಲ್ಲಿ ಬರೆದರು. ಕಪ್ಪು ಮುಖ, ಬಂಗಾರದ ನಿಲುವಂಗಿ, ಕಣ್ಣಿನಲ್ಲಿ ಅಧಿಕಾರ! ಚಿತ್ರಗಾರರ ಹೆಸರು ಉಳಿಯಿತು, ಚಿತ್ರದಲ್ಲಿದ್ದವನ ಹೆಸರೂ ಉಳಿಯಿತು. ಕತ್ತಿ ಹಿಡಿದ ಗಂಡಸಿಗೆ ಚರಿತ್ರೆಯಲ್ಲಿ ಹೇಗೋ ಒಂದು ಮಣೆ ಸಿಗುತ್ತದೆ. ಸೂಜಿ ಹಿಡಿದ ಹೆಂಗಸಿನ ಪಾಡು ಬೇರೆ.

ಹೆಂಗಸಿನ ಕಥೆಗೆ ಗೋವೆಗೆ ಹೋಗಬೇಕು. ೧೫೧೦ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರ ಕೈಯಲ್ಲಿ ಮೊಜಾಂಬಿಕ್ ತೀರವೂ ಇದ್ದಿತು. ಹಡಗು ಅಲ್ಲಿಂದ ದಂತವನ್ನು ತಂದಂತೆ ಮನುಷ್ಯರನ್ನೂ ತಂದಿತು. ೧೫೮೩ರಿಂದ ಐದು ವರ್ಷ ಗೋವೆಯಲ್ಲಿದ್ದ ಡಚ್ಚರ ಲಿನ್‌ಸ್ಕೋಟನ್, ಊರಿನ ದೊಡ್ಡ ಬೀದಿಯಲ್ಲಿ ದಿನವೂ ನಡೆಯುತ್ತಿದ್ದ ಹರಾಜನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಅವನ ತರುವಾಯ ೧೬೦೮ರಲ್ಲಿ ಬಂದವನು ಪಿರಾರ್ ಎಂಬ ಫ್ರೆಂಚ್ ನಾವಿಕ. ಮಾಲ್ದೀವಿನಲ್ಲಿ ಹಡಗೊಡೆದು, ವರ್ಷಗಟ್ಟಲೆ ಸೆರೆಯಲ್ಲಿದ್ದು, ಕಡೆಗೆ ಗೋವೆಯನ್ನು ಮುಟ್ಟಿದ ನತದೃಷ್ಟ. ಆದರೆ ಕಣ್ಣು ಮಾತ್ರ ಬಲು ಚುರುಕು. ಹರಾಜಿಗೆ ನಿಲ್ಲಿಸಿದ ಹುಡುಗಿಯರಲ್ಲಿ ಮೊಜಾಂಬಿಕ್ಕಿನ ಕಪ್ಪು ಹುಡುಗಿಯರೂ ಇದ್ದುದನ್ನು ಅವನು ಹೇಳುತ್ತಾನೆ. ಮಾರಾಟಕ್ಕೆ ಬಂದ ಹೆಂಗಸರ ಗುಣಗಳನ್ನು ಪಟ್ಟಿ ಮಾಡುವಾಗ ವಾದ್ಯ ನುಡಿಸುವುದು, ಸಿಹಿತಿಂಡಿ ಮಾಡುವುದು ಇವುಗಳೊಡನೆ ಇನ್ನೊಂದು ಗುಣವನ್ನೂ ಎಣಿಸುತ್ತಾನೆ: ನಯವಾಗಿ ಹೊಲಿಯುವುದು, ಕಸೂತಿ ಹಾಕುವುದು. ಈ ಮಾತನ್ನು ಓದಿ ನಾನು ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಹೊಲಿಗೆ ಬಲ್ಲವಳೆಂದರೆ ಬೆಲೆ ಹೆಚ್ಚು! ಅಂದಮೇಲೆ ಆ ಬೆರಳುಗಳ ನೈಪುಣ್ಯಕ್ಕೆ ಮಾರುಕಟ್ಟೆಯಲ್ಲಿ ದರವಿತ್ತು. ಬೆರಳಿನ ಒಡತಿಗೆ ಹೆಸರಿರಲಿಲ್ಲ.

ಗುಲಾಮರು ಓಡಿಹೋದರು. ಕೆಲವರನ್ನು ಒಡೆಯರೇ ಬಿಟ್ಟರು. ೧೮೩೬ರಲ್ಲಿ ಪೋರ್ಚುಗಲ್ ಗುಲಾಮರ ಸಾಗಾಟವನ್ನು ಕಾನೂನಿನಿಂದ ನಿಷೇಧಿಸಿತು. ಕಾನೂನು ಲಿಸ್ಬನ್ನಿನಿಂದ ಗೋವೆಯ ಮನೆಗಳೊಳಕ್ಕೆ ನಡೆದುಬರಲು ಇನ್ನೂ ಎಷ್ಟೋ ಕಾಲ ಬೇಕಾಯಿತು. ಗೋವೆಯ ಗಡಿಯನ್ನು ದಾಟಿದರೆ ಸೂಪೆಯ ಕಾಡು, ಅದನ್ನು ದಾಟಿದರೆ ಹಳಿಯಾಳ. ಅಡಗುವವನಿಗೆ ಅದಕ್ಕಿಂತ ಒಳ್ಳೆಯ ಎಡೆಯಿಲ್ಲ. ಉತ್ತರ ಕನ್ನಡದ ಸಿದ್ದಿಯರಲ್ಲಿ ಬಹುಮಂದಿ ಹೀಗೆ ಬಂದವರ ಸಂತಾನವೆಂದೂ, ಸ್ವಲ್ಪ ಭಾಗ ಬಿಜಾಪುರದ ಕಡೆಯಿಂದ ಬಂದಿರಬಹುದೆಂದೂ ವಿದ್ವಾಂಸರ ಅಭಿಪ್ರಾಯ. ೨೦೧೧ರಲ್ಲಿ ಹೈದರಾಬಾದಿನ ವಿಜ್ಞಾನಿಗಳು ಸಿದ್ದಿಯರ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ಬಾಂಟು ಭಾಷೆಗಳನ್ನಾಡುವ ಆಫ್ರಿಕದ ಜನರ ಪಾಲು ದೊಡ್ಡದು, ಈ ನೆಲದವರ ಪಾಲೂ ಇದೆ, ಯುರೋಪಿನವರ, ಬಹುಶಃ ಪೋರ್ಚುಗೀಸರ, ಸಣ್ಣ ಪಾಲೂ ಇದೆ ಎಂದು ತೋರಿಸಿಕೊಟ್ಟರು. ಆ ಸಣ್ಣ ಪಾಲು ಗೋವೆಯ ಮನೆಗಳಲ್ಲಿ ಯಾವ ಬಾಗಿಲಿನಿಂದ ಒಳಬಂದಿರಬಹುದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟನ್ನು ಓದಿಕೊಂಡ ಮೇಲೆ ನಮ್ಮ ಊರನ್ನು ನೋಡುವ ನನ್ನ ದೃಷ್ಟಿಯೂ ಸ್ವಲ್ಪ ಬದಲಾಯಿತು. ಆರನೆಯ ಶತಮಾನದಲ್ಲಿ ಕಾಸ್ಮಾಸ್ ಎಂಬ ವರ್ತಕನು 'ಕಲ್ಲಿಯಾನ' ಎಂಬ ಊರಿನಲ್ಲಿ ಪರ್ಷಿಯದಿಂದ ನೇಮಕಗೊಂಡ ಬಿಷಪನಿದ್ದನೆಂದು ಬರೆದಿದ್ದಾನೆ. ಅದು ನಮ್ಮ ಕಲ್ಯಾಣಪುರವೇ ಎಂದು ವಾದಿಸುವವರು ಇಲ್ಲಿ ಉಂಟು. ಮುಂಬಯಿಯ ಹತ್ತಿರದ ಕಲ್ಯಾಣ ಎನ್ನುವವರ ಸಂಖ್ಯೆ ಹೆಚ್ಚು. ಊರಿನ ಅಭಿಮಾನದಿಂದ ನಾನೂ ಹಿಂದೆ ಈ ಜಗಳದಲ್ಲಿ ಸೇರಿದವನೇ. ಕಾಸ್ಮಾಸನು ಆಫ್ರಿಕದ ಅಲೆಕ್ಸಾಂಡ್ರಿಯದವನೆಂಬ ಸಂಗತಿ ಮಾತ್ರ ನಮ್ಮಲ್ಲಿ ಯಾರ ಗಮನಕ್ಕೂ ಬಿದ್ದಿರಲಿಲ್ಲ. ಜಗಳಕ್ಕೆ ಆಸ್ಪದವಿಲ್ಲದ ಚರಿತ್ರೆಯೆಂದರೆ ೧೬೭೮ರದು. ಆ ವರ್ಷ ಕೆಳದಿಯ ಅರಸರು ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದದಲ್ಲಿ, ಇಗರ್ಜಿಗಳನ್ನು ಕಟ್ಟಲು ಅನುಮತಿ ಕೊಟ್ಟ ಊರುಗಳಲ್ಲಿ ಕಲ್ಯಾಣಪುರವೂ ಒಂದು. ಸುವರ್ಣಾ ನದಿಯ ದಂಡೆಯ ನಮ್ಮ ಮಿಲಾಗ್ರಿಸ್ ಇಗರ್ಜಿಯ ಆರಂಭ ಅಲ್ಲಿಂದ. ೨೦೧೨ರಲ್ಲಿ ಉಡುಪಿ ಧರ್ಮಪ್ರಾಂತ್ಯವಾದಾಗ ಅದೇ ಪ್ರಧಾನ ದೇವಾಲಯವಾಯಿತು. ಕ್ಷಾಮ, ಧಾರ್ಮಿಕ ವಿಚಾರಣೆ, ೧೬೮೩ರ ಮರಾಠರ ದಾಳಿ, ಇವುಗಳಿಂದ ಬೇಸತ್ತು ಗೋವೆ ಬಿಟ್ಟ ಕೊಂಕಣಿ ಕ್ರೈಸ್ತರು ಬುತ್ತಿ ಕಟ್ಟಿಕೊಂಡು ತೆಂಕಣದ ದಾರಿ ಹಿಡಿದರು. ಸಿದ್ದಿಯರು ಮೂಡಣ ಕಾಡಿನ ದಾರಿ ಹಿಡಿದರು. ಇಬ್ಬರೂ ಒಯ್ದ ಮಾತು ಕೊಂಕಣಿಯೇ.

ನಮ್ಮ ಪಕ್ಕದ ಮನೆಯ ಬಾಯಮ್ಮನವರು ಶಾಲೆಯಲ್ಲಿ ಅಧ್ಯಾಪಕಿಯಾಗಿದ್ದು ನಿವೃತ್ತರಾದವರು. ಈ ವಿಚಾರವನ್ನು ಅವರಿಗೆ ಹೇಳಿದಾಗ ಸುಮ್ಮನೆ ಕೇಳುತ್ತಿದ್ದು, ಕಡೆಗೆ ಒಂದು ಮಾತು ಹೇಳಿದರು. ಗುಂಗುರು ಕೂದಲಿನ ಮಕ್ಕಳು ಹುಟ್ಟಿದರೆ ಅವರ ಅಜ್ಜಿ 'ಖಾಪ್ರಿ' ಎಂದು ಮುದ್ದಿಗೆ ಕರೆಯುತ್ತಿದ್ದರಂತೆ. ಖಾಪ್ರಿ ಎಂದರೆ ಗೋವೆಯ ಮಾತಿನಲ್ಲಿ ಆಫ್ರಿಕದ ಗುಲಾಮ. "ನಮಗೆ ಆ ಶಬ್ದ ಎಲ್ಲಿಂದ ಬಂತು ಅಂತ ಯಾರೂ ಕೇಳಲೇ ಇಲ್ಲ ಭಟ್ರೇ. ಶಬ್ದ ಸುಮ್ಮನೆ ಬರುವುದಿಲ್ಲವಲ್ಲ. ನಮ್ಮ ಹಿರಿಯರ ಮನೆಯಲ್ಲಿಯೂ ಇದ್ದಿರಬೇಕು" ಎಂದರು. ಹಳಿಯಾಳಕ್ಕೆ ಹೋಗಿ ಕೌದಿಯನ್ನು ಬಲ್ಲವರಿಗೆ ತೋರಿಸಬೇಕೆಂಬ ಯೋಚನೆ ಅವರದೇ.

ಹೋಗುವುದಕ್ಕೆ ಮುಂಚೆ ಕೌದಿಯ ವಿಷಯವಾಗಿ ಒಂದೆರಡು ಮಾತು. ಬಯಲುಸೀಮೆಯಲ್ಲಿ, ದಖ್ಖನಿನ ಉದ್ದಗಲಕ್ಕೂ, ಹಳೆಯ ಬಟ್ಟೆಯ ಕೌದಿ ಹೊಲಿಯುವ ಹೆಂಗಸರಿದ್ದಾರೆ. ಸಿದ್ದಿ ಹೆಂಗಸರ ಕೌದಿಗೆ ಅವರ ಮಾತಿನಲ್ಲಿ ಕವಂದ್ ಎಂಬ ಹೆಸರಿದೆ. ಹಳೆಯ ಸೀರೆಯನ್ನು ಅಡಿಗೆ ಹಾಸಿ, ಮೂಲೆಯಿಂದ ಆರಂಭಿಸಿ, ಅಂಚನ್ನು ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಬಾವಿಯ ನೀರು ಸುಳಿ ಸುತ್ತಿ ಒಳಕ್ಕೆ ಇಳಿದ ಹಾಗೆ. ತುಂಡುಗಳನ್ನು ಮೊದಲೇ ಜೋಡಿಸಿಕೊಂಡು ಆಮೇಲೆ ಹೊಲಿಯುವ ಪದ್ಧತಿಯಲ್ಲ. ಒಂದು ತುಂಡನ್ನಿಟ್ಟು, ಅಂಚು ಮಡಿಸಿ, ಎಲ್ಲ ಪದರಗಳನ್ನೂ ಹಿಡಿದು ಓಡುಹೊಲಿಗೆ ಹಾಕುವುದು. ಅದು ಮುಗಿದಲ್ಲಿ ಇನ್ನೊಂದು ತುಂಡು. ಮುಂದೆ ಯಾವ ಬಣ್ಣ ಬರಬೇಕೆಂಬುದನ್ನು ಕೈ ಅಲ್ಲಲ್ಲಿಯೇ ನಿಶ್ಚಯಿಸಬೇಕು. ಕ್ರೈಸ್ತ ಸಿದ್ದಿಯರು ಶಿಲುಬೆಯನ್ನೂ ಮುಸಲ್ಮಾನ ಸಿದ್ದಿಯರು ಅರ್ಧಚಂದ್ರವನ್ನೂ ಎಲ್ಲಾದರೂ ಸೇರಿಸುವುದುಂಟು. ಕಡೆಗೆ ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ಮಡಿಸಿ ಮಾಡಿದ ಮುಕ್ಕೋನದ 'ಫುಲ'ಗಳು, ಎಂದರೆ ಹೂಗಳು, ಬರಬೇಕು. ಫುಲವಿಲ್ಲದ ಕವಂದ್ ಬೆತ್ತಲೆ ಎಂದು ಅವರು ಹೇಳುತ್ತಾರೆ. ನಮ್ಮ ಕೌದಿಯಲ್ಲಿ ಮೂರೇ ಫುಲಗಳಿವೆ. ನಾಲ್ಕನೆಯದನ್ನು ಆಟದ ಗಾಳಿಪಟಕ್ಕೆ ಬಾಲ ಬೇಕೆಂದು ಕಿತ್ತವನು ನಾನೇ.

ಯೊರುಬ ಜನರ ಕಲೆಯನ್ನು ಬಹುಕಾಲ ಅಧ್ಯಯನ ಮಾಡಿದ ಹೆನ್ರಿ ಜಾನ್ ಡ್ರೂವಲ್ ಎಂಬ ಅಮೆರಿಕದ ಪ್ರಾಧ್ಯಾಪಕರು ಈ ಶತಮಾನದ ಆರಂಭದಲ್ಲಿ ಸಿದ್ದಿಯರ ಕೇರಿಗಳಿಗೆ ಬಂದು, ಹೊಲಿಯುವ ಹೆಂಗಸರೊಡನೆ ಕುಳಿತು, ಅವರ ಕೌದಿಗಳನ್ನು ಹೊರಗಿನ ಲೋಕಕ್ಕೆ ತೋರಿಸಿದರು. ೨೦೧೧ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಷೋಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನ ನಡೆಯಿತು. ಕಪ್ಪು ಜನರ ಚರಿತ್ರೆಗೆಂದೇ ಮೀಸಲಾದ ಸಂಸ್ಥೆ ಅದು. ಹಳಿಯಾಳದ ಮಣ್ಣಿನ ನೆಲದ ಮೇಲೆ ಹಾಸುತ್ತಿದ್ದ ವಸ್ತು ಅಲ್ಲಿ ಗೋಡೆಯನ್ನೇರಿತು. ಸಂತೋಷವೇ. ಆದರೆ ಇಂಥ ಸಂದರ್ಭದಲ್ಲಿ ಒಂದು ಅತ್ಯುತ್ಸಾಹವೂ ಬರುತ್ತದೆ. ಕೌದಿಯ ಪ್ರತಿ ಚೌಕದಲ್ಲಿಯೂ ಆಫ್ರಿಕದ ನೆನಪನ್ನು ಹುಡುಕುವುದು, ಪ್ರತಿ ಕೆಂಪಿನಲ್ಲಿಯೂ ಮರೆತ ತಾಯ್ನಾಡನ್ನು ಕಾಣುವುದು. ನನಗೆ ಇದು ಒಪ್ಪಿಗೆಯಲ್ಲ. ನಮ್ಮ ಕೌದಿಯ ಬಟ್ಟೆ ಉಡುಪಿಯ ಅಂಗಡಿಯದು, ಹೊಲಿಗೆ ದಖ್ಖನಿನ ಅಕ್ಕಪಕ್ಕದ ಹೆಂಗಸರೆಲ್ಲರೂ ಬಲ್ಲದ್ದು, ಶಿಲುಬೆ ಗೋವೆಯದು. ಆ ಹೆಂಗಸಿನದೆಂದರೆ ಯಾವ ಬಣ್ಣದ ಪಕ್ಕದಲ್ಲಿ ಯಾವುದು ಕೂರಬೇಕೆಂಬ ತೀರ್ಮಾನ. ಚಿತ್ರಗಾರನೆಂದು ನಾವು ಯಾರನ್ನು ಕರೆಯುತ್ತೇವೆಯೋ ಅವನದೂ ಅಷ್ಟೇ ಅಲ್ಲವೆ? ಬಣ್ಣವನ್ನು ಅವನೂ ಅಂಗಡಿಯಿಂದಲೇ ತರುತ್ತಾನೆ. ಆಫ್ರಿಕದವಳೆಂಬ ಕಾರಣಕ್ಕೆ ಆಕೆಯನ್ನು ಮೆಚ್ಚಬೇಕಾಗಿಲ್ಲ. ನೀಲಿಯ ಹೊಳೆಯ ನಡುವೆ ಒಂದು ಅಂಗೈ ಕೆಂಪನ್ನು ಇಟ್ಟ ಧೈರ್ಯಕ್ಕೆ ಮೆಚ್ಚಬೇಕು.

ಇಂಥವಳೊಬ್ಬಳ ಹೆಸರು ಉಳಿದಿರುವ ಉದಾಹರಣೆಯೊಂದು ದೂರದ ಅಮೆರಿಕದಲ್ಲಿದೆ. ಅದನ್ನು ಹೇಳದೆ ಮುಂದೆ ಹೋಗಲಾರೆ. ಹ್ಯಾರಿಯೆಟ್ ಪವರ್ಸ್ ಎಂಬ ಹೆಂಗಸು ೧೮೩೭ರಲ್ಲಿ ಜಾರ್ಜಿಯಾ ಪ್ರಾಂತ್ಯದಲ್ಲಿ ಗುಲಾಮಳಾಗಿಯೇ ಹುಟ್ಟಿದಳು. ಬಿಡುಗಡೆಯಾದ ಮೇಲೆ ಗಂಡನೊಡನೆ ಬೇಸಾಯ ಮಾಡಿಕೊಂಡಿದ್ದಳು. ಬೈಬಲಿನ ಕಥೆಗಳನ್ನು ಬಟ್ಟೆಯ ತುಂಡುಗಳಲ್ಲಿ ಕತ್ತರಿಸಿ ಅಂಟಿಸಿ ಹೊಲಿದ ಅವಳ ಕೌದಿ ೧೮೮೬ರಲ್ಲಿ ಅಥೆನ್ಸ್ ಎಂಬ ಊರಿನ ಹತ್ತಿ ಜಾತ್ರೆಗೆ ಬಂದಿತು. ಜೆನಿ ಸ್ಮಿತ್ ಎಂಬ ಚಿತ್ರಕಲೆಯ ಅಧ್ಯಾಪಕಿ ಅದನ್ನು ಕಂಡು ಬೆರಗಾಗಿ, ಕೊಡುವೆಯಾ ಎಂದು ಕೇಳಿದಳು. ಎಷ್ಟು ಕೊಟ್ಟರೂ ಇಲ್ಲವೆಂದಳು ಹ್ಯಾರಿಯೆಟ್. ನಾಲ್ಕೈದು ವರ್ಷಗಳಲ್ಲಿ ಕಾಲ ಕೆಟ್ಟಿತು. ಅವಳೇ ಎತ್ತಿನ ಬಂಡಿಯಲ್ಲಿ, ಹಿಟ್ಟಿನ ಚೀಲದಲ್ಲಿ ಸುತ್ತಿದ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಆ ಅಧ್ಯಾಪಕಿಯ ಬಾಗಿಲಿಗೆ ಬಂದಳು. ಕೇಳಿದ್ದು ಹತ್ತು ಡಾಲರು, ಸಿಕ್ಕಿದ್ದು ಐದು. ಕೊಡುವ ಮುಂಚೆ ಹನ್ನೊಂದು ಚಿತ್ರಗಳನ್ನೂ ಒಂದೊಂದಾಗಿ ವಿವರಿಸಿದಳು. ಅಧ್ಯಾಪಕಿ ಅದನ್ನು ಬರೆದುಕೊಂಡಳು. ಆಮೇಲೆಯೂ ಹ್ಯಾರಿಯೆಟ್ ಹಲವು ಸಲ ಬಂದು ತನ್ನ ಕೌದಿಯನ್ನು ನೋಡಿಹೋದಳಂತೆ, ಮದುವೆಯಾಗಿ ಹೋದ ಮಗಳನ್ನು ತಾಯಿ ನೋಡಿಬರುವ ಹಾಗೆ. ೧೯೧೦ರಲ್ಲಿ ಅವಳು ತೀರಿಕೊಂಡಳು. ಅವಳ ಕೈಯವೆಂದು ತಿಳಿದು ಉಳಿದಿರುವುವು ಎರಡೇ ಕೌದಿ: ಒಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದೆ, ಇನ್ನೊಂದು ಬಾಸ್ಟನ್ನಿನ ಸಂಗ್ರಹಾಲಯದಲ್ಲಿ. ಅಮೆರಿಕದ ಕಲೆಯ ಚರಿತ್ರೆಯನ್ನು ಬರೆಯುವವರು ಇಂದು ಅವಳ ಹೆಸರನ್ನು ಬಿಟ್ಟು ಬರೆಯಲಾರರು.

ಐದು ಡಾಲರು, ಎಂಟು ರೂಪಾಯಿ. ಕೊಂಡವರಿಬ್ಬರಲ್ಲಿ ಧಾರಾಳಿಗಳು ಯಾರೂ ಅಲ್ಲ. ಆದರೆ ಅವಳು ಕೂರಿಸಿ ಕೇಳಿದಳು, ಬರೆದಿಟ್ಟಳು. ನಮ್ಮ ಚಿಕ್ಕಪ್ಪ ಅಕ್ಕಿ ಅಳೆದು 'ಸಿದ್ದಿ ಹೆಂಗಸಿಗೆ' ಎಂದು ಬರೆದು ಗೆರೆ ಎಳೆದರು.

ಕೆಲವು ವರ್ಷಗಳ ಕೆಳಗೆ, ಮಳೆ ನಿಂತ ಮೇಲೆ, ಬಾಯಮ್ಮನವರೂ ನಾನೂ ನನ್ನ ಅಳಿಯನ ಕಾರಿನಲ್ಲಿ ಹೊರಟೆವು. ಅಂಕೋಲೆಯಲ್ಲಿ ಕಡಲನ್ನು ಬಿಟ್ಟು, ಅರಬೈಲು ಘಟ್ಟ ಹತ್ತಿ, ಯಲ್ಲಾಪುರದಿಂದ ಹಳಿಯಾಳ. ಚಿಕ್ಕಪ್ಪನ ಹೋಟೆಲಿದ್ದ ಜಾಗದಲ್ಲಿ ಮೊಬೈಲ್ ಫೋನಿನ ಅಂಗಡಿಯಿತ್ತು. ಊರಿನಿಂದ ಸ್ವಲ್ಪ ದೂರದ ಸಿದ್ದಿ ಕೇರಿಯೊಂದರಲ್ಲಿ, ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ ಎಂದು ಹೆಸರಾದ ಅಜ್ಜಿಯೊಬ್ಬರಿದ್ದಾರೆಂದು ತಿಳಿದು ಅಲ್ಲಿಗೆ ಹೋದೆವು. ಬಾಯಮ್ಮ ಕೊಂಕಣಿಯಲ್ಲಿ ಮಾತು ತೆಗೆದರು. ಒಂದು ಕೊಂಕಣಿಗೂ ಇನ್ನೊಂದಕ್ಕೂ ಕಾಡಿನಷ್ಟು ಅಂತರ. ಅರ್ಧ ತಿಳಿಯಿತು, ಅರ್ಧವನ್ನು ನಗುವಿನಿಂದ ತುಂಬಿಕೊಂಡರು. 'ಫುಲ' ಎಂಬ ಮಾತಿಗೆ ಮಾತ್ರ ದುಭಾಷಿ ಬೇಕಾಗಲಿಲ್ಲ.

ಕೌದಿಯನ್ನು ಜಗಲಿಯ ಮೇಲೆ ಬಿಡಿಸಿದೆವು. ಅಜ್ಜಿ ಅದನ್ನು ಕಣ್ಣಿನಿಂದ ನೋಡಲಿಲ್ಲ. ಅಂಗೈಯನ್ನಿಟ್ಟು ಸವರುತ್ತ ಸುತ್ತಲೂ ಬಂದರು. ಆಮೇಲೆ ಕನ್ನಡದಲ್ಲಿಯೇ ನನಗೆ ಹೇಳತೊಡಗಿದರು. ಈ ಮೂಲೆಯಿಂದ ಹಿಡಿದಿದ್ದಾಳೆ. ಇಲ್ಲಿಗೆ ಬರುವಾಗ ನೂಲು ಮುಗಿದಿದೆ, ಬೇರೆ ನೂಲು. ಇಲ್ಲಿಂದ ಎರಡು ಸುತ್ತು ಹೊಲಿಗೆ ದೊಡ್ಡದಾಗಿದೆ, ಡೊಂಕಾಗಿದೆ. ಮತ್ತೆ ಸಣ್ಣ ಹೊಲಿಗೆ. "ಈ ಎರಡು ಸುತ್ತು ಅವಳದಲ್ಲ. ಹುಡುಗಿಯದು. ಮಗಳಿಗೆ ಕೈ ತಿದ್ದಿಸಿದ್ದಾಳೆ. ಬಿಚ್ಚಿ ಹೊಲಿಯಬಹುದಾಗಿತ್ತು, ಬಿಚ್ಚಲಿಲ್ಲ." ಅರವತ್ತು ವರ್ಷ ನಮ್ಮ ಮನೆಯಲ್ಲಿದ್ದ ಕೌದಿಯಲ್ಲಿ ಒಬ್ಬ ಹುಡುಗಿಯೂ ಇದ್ದಳೆಂಬುದು ನಮಗೆ ಗೊತ್ತಿರಲಿಲ್ಲ.

ಹೊಲಿದವಳು ಯಾರಿರಬಹುದೆಂದು ಕೇಳಿದೆ. ಆ ಕಾಲದಲ್ಲಿ ಪೇಟೆಗೆ ಸೌದೆ ಹೊರುತ್ತಿದ್ದವರು ಒಬ್ಬರೆ, ಇಬ್ಬರೆ ಎಂದರು. ಎಷ್ಟು ಕೊಟ್ಟಿರಿ ಎಂದು ಕೇಳಿದರು. ಎಂಟು ರೂಪಾಯಿ, ಎರಡು ಸೇರು ಅಕ್ಕಿ ಎಂದೆ. ಅಜ್ಜಿ ಬಾಯಮ್ಮನ ಕಡೆಗೆ ತಿರುಗಿ ಕೊಂಕಣಿಯಲ್ಲಿ ಏನೋ ಹೇಳಿ ನಕ್ಕರು. ಬಾಯಮ್ಮ ನಗಲಿಲ್ಲ. ದಾರಿಯಲ್ಲಿ ಎಷ್ಟು ಕೇಳಿದರೂ ಆ ಮಾತನ್ನು ನನಗೆ ಹೇಳಲೂ ಇಲ್ಲ. ತಮ್ಮ ಅಜ್ಜಿಯ 'ಖಾಪ್ರಿ'ಯ ಮಾತನ್ನು ಅಲ್ಲಿ ಎತ್ತಬೇಕೆಂದಿದ್ದವರು, ಎತ್ತದೆಯೇ ಬಂದರು.

ಖಾಲಿಯಾದ ಮೂಲೆಯ ಮೇಲೆ ಅಜ್ಜಿಯ ಬೆರಳು ನಿಂತಿತು. ನಾನು ಗಾಳಿಪಟದ ಕಥೆಯನ್ನು ಒಪ್ಪಿಕೊಂಡೆ. ಒಳಗಿನಿಂದ ಸೂಜಿ ಬಂದಿತು. ಬಟ್ಟೆ? ಬಾಯಮ್ಮ ತಮ್ಮ ಚೀಲದಲ್ಲಿದ್ದ ಹಳದಿ ಕರವಸ್ತ್ರವನ್ನು ಕೊಟ್ಟರು. ಅಜ್ಜಿ ಅದನ್ನು ಮಡಿಸಿ, ಮತ್ತೆ ಮಡಿಸಿ, ಕನ್ನಡಕವಿಲ್ಲದೆ ದಾರ ಪೋಣಿಸಿ, ನಾವು ಚಾ ಕುಡಿದು ಮುಗಿಸುವಷ್ಟರಲ್ಲಿ ನಾಲ್ಕನೆಯ ಫುಲವನ್ನು ಕೂರಿಸಿದರು. ಎಷ್ಟು ಕೊಡಬೇಕೆಂದೆ. ಸಂಕೋಚವಿಲ್ಲದೆ ಇನ್ನೂರು ರೂಪಾಯಿ ಎಂದರು. ಕೊಟ್ಟೆ. ಆಮೇಲೆ ಹೆಸರು ಕೇಳಿದೆ. "ಪೇಪರಿಗೆ ಹಾಕಬೇಡಿ, ಮೊಮ್ಮಕ್ಕಳು ಆಡಿಕೊಳ್ಳುತ್ತಾರೆ" ಎಂದು ಹೇಳಿಯೇ ಹೆಸರು ಹೇಳಿದರು.

ಊರಿಗೆ ಬಂದ ಮೇಲೆ ಪೆಟ್ಟಿಗೆಯಿಂದ ಕಿರ್ದಿಯನ್ನು ತೆಗೆದೆ. ಚಿಕ್ಕಪ್ಪನ ಆ ಸಾಲಿನ ಕೆಳಗೆ ಸ್ವಲ್ಪ ಜಾಗವಿತ್ತು. ಒಂದು ಫುಲ, ಹಳದಿ, ೨೦೦ ರೂ. ಎಂದು ಬರೆದು, ಮುಂದೆ ಅಜ್ಜಿಯ ಹೆಸರನ್ನೂ ಊರನ್ನೂ ಬರೆದೆ. ನನ್ನ ಅಕ್ಷರ ಚಿಕ್ಕಪ್ಪನದರಷ್ಟು ಚೆನ್ನಾಗಿಲ್ಲ.